ಹಾಲಾದ ದ್ರಾವಣ, ಮಂಕಾದ ಬೀಕರ್

ಪ್ರಶ್ನೆ: ಅಯಾನಿಕ್ ದ್ರವ (ದ್ರವರೂಪದ ಲವಣ) ಬಿಎಂಐಎಂ-ಪಿಎಫ್6, ಸಾಬೂನಿನಂಥ ಟ್ರೈಟಾನ್ ಎಕ್ಸ್-100, ನೀರು ಬೆರೆತ, ಅತಿಸಣ್ಣ ನೀರಹನಿಗಳ ತಿಳಿ ಮಿಶ್ರಣವಾದ ಮೈಕ್ರೊಎಮಲ್ಷನ್‌ನಲ್ಲಿ ಸತುವಿನ ಆಕ್ಸೈಡ್ ನ್ಯಾನೊಕಣ ಮಾಡುತ್ತಿದ್ದೇನೆ. ಸತುವಿನ ಅಸಿಟೇಟ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಇರುವ ಎರಡು ಎಮಲ್ಷನ್ ಬೆರೆಸಿ 80 ಡಿಗ್ರಿಗೆ ಕಾಯಿಸಿದರೆ ಹಾಲಿನಂತಾಗುತ್ತದೆ, ಬೀಕರಿನ ಗಾಜು ಮಂಕಾಗಿದೆ. ಪುಡಿಯನ್ನು ಎಥನಾಲ್‌ನಲ್ಲಿ ಎಷ್ಟು ತೊಳೆದರೂ ಅಂಟಂಟು. ಎಲ್ಲಿ ತಪ್ಪಿದೆ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಮೊದಲು ಬೀಕರಿನ ಮಾತು. ಅಯಾನಿಕ್ ದ್ರವದ ಪಿಎಫ್6 ಭಾಗ ನೀರಿನೊಂದಿಗೆ ಬಿಸಿಯಾದರೆ, ಅದರಲ್ಲೂ ಆಮ್ಲವಿದ್ದರೆ, ಒಡೆದು ಗಾಜನ್ನೂ ತಿನ್ನುವ ಹೈಡ್ರೋಫ್ಲೋರಿಕ್ ಆಮ್ಲ ಬಿಡುತ್ತದೆ. ಗಾಜು ಮಂಕಾಗಿದ್ದರೆ ಮೊದಲು ಅನುಮಾನಿಸಬೇಕಾದ್ದು ಅದನ್ನೇ. ಚರ್ಮಕ್ಕೆ ತಾಗಿದರೆ ನೋವು ತಡವಾಗಿ ಗೊತ್ತಾಗಬಹುದು. ಆದ್ದರಿಂದ ಕೆಲಸ ಫ್ಯೂಮ್ ಹುಡ್‌ನಲ್ಲೇ ನಡೆಯಲಿ, ಈ ಆಮ್ಲದ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಪಕ್ಕದಲ್ಲಿರಲಿ. ಕಾಯಿಸುವುದನ್ನು ಕೈಬಿಡಿ: ಬೆರೆಸುವುದು ಕೋಣೆಯ ಉಷ್ಣತೆಯಲ್ಲಿ, ಬಿಸಿ ಬೇಕಾಗುವುದು ತೊಳೆದ ಪುಡಿಗೆ ಮಾತ್ರ.

ಹಾಲಾಗುವುದಕ್ಕೆ ಕಾರಣ ಎರಡು. ಬಿಸಿಗೆ ಟ್ರೈಟಾನ್‌ನ ನೀರು ಹಿಡಿಯುವ ಬಾಲ ಸೋಲುತ್ತದೆ. ಇಲ್ಲವೇ ನೀರು ಮಿತಿ ಮೀರಿದೆ. ಅಯಾನಿಕ್ ದ್ರವದಲ್ಲಿ ಟ್ರೈಟಾನ್ ಕರಗಿಸಿ, ಮೈಕ್ರೊಪಿಪೆಟ್‌ನಿಂದ 50 ಮೈಕ್ರೋಲೀಟರಿನಂತೆ ನೀರು ಹಾಕುತ್ತ ಮಸುಕಾಗುವ ಬಿಂದು ಗುರುತಿಸಿ, ಅದಕ್ಕಿಂತ ಸಾಕಷ್ಟು ಕೆಳಗೆ ನಿಲ್ಲಿ. ಅಯಾನಿಕ್ ದ್ರವ, ಟ್ರೈಟಾನ್ ಎರಡೂ ಗಾಳಿಯ ತೇವ ಹೀರುತ್ತವೆ. ಮಳೆಗಾಲದಲ್ಲಿ ಬಾಟಲಿ ತೆರೆದಿಟ್ಟರೆ ಲೆಕ್ಕವೇ ತಪ್ಪುತ್ತದೆ. ಬೋರ್‌ವೆಲ್ ನೀರಂತೂ ಬೇಡ, ಡೀಅಯಾನೈಸ್ಡ್ ನೀರೇ ಆಗಬೇಕು.

ಟ್ರೈಟಾನ್ 6.5 ಗ್ರಾಂ ಎಂದರೆ ಸುಮಾರು 0.01 ಮೋಲ್. ನೀರು-ಟ್ರೈಟಾನ್ ಮೋಲ್ ಅನುಪಾತ 5 ಎಂದಿಟ್ಟುಕೊಂಡರೆ ನೀರು 0.9 ಮಿಲೀ ಮಾತ್ರ. ಒಂದು ಎಮಲ್ಷನ್‌ಗೆ 0.1 ಮೋಲಾರ್ ಸತುವಿನ ಅಸಿಟೇಟ್, ಇನ್ನೊಂದಕ್ಕೆ 0.2 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, ಎರಡರಲ್ಲೂ ಅಷ್ಟೇ ನೀರು. ಕ್ಷಾರ ಹೆಚ್ಚಾದರೆ ಸತು ಜಿಂಕೇಟ್ ಆಗಿ ಮತ್ತೆ ಕರಗಿಬಿಡುತ್ತದೆ. ದ್ರವ ಜೇನಿನಂತೆ ಮಂದ, ಆದ್ದರಿಂದ ಕಲಕುವ ಅವಸರ ಬೇಡ.

ಇನ್ನು ಅಂಟು. ಈ ಅಯಾನಿಕ್ ದ್ರವ ಎಥನಾಲ್‌ನಲ್ಲಿ ಸರಿಯಾಗಿ ಕರಗುವುದಿಲ್ಲ, ಅಸಿಟೋನ್‌ನಲ್ಲಿ ಕರಗುತ್ತದೆ. ಅಸಿಟೋನ್ ಹಾಕಿ ಎಮಲ್ಷನ್ ಒಡೆದು ಸೆಂಟ್ರಿಫ್ಯೂಜ್ ಮಾಡಿ. ಅಸಿಟೋನ್‌ನಲ್ಲಿ ಮೂರು ಸಲ, ನೀರಿನಲ್ಲಿ ಎರಡು ಸಲ, ಕೊನೆಗೆ ಎಥನಾಲ್‌ನಲ್ಲಿ ಒಮ್ಮೆ ತೊಳೆದು 70 ಡಿಗ್ರಿಯಲ್ಲಿ ಒಣಗಿಸಿ, 400 ಡಿಗ್ರಿಯಲ್ಲಿ ಎರಡು ಗಂಟೆ ಸುಡಿ. ಅಂಟಿದ ಪುಡಿಯನ್ನು ಕುಲುಮೆಗೆ ಇಡಲೇಬೇಡಿ, ಅಲ್ಲೂ ಅದೇ ಆಮ್ಲ ಹುಟ್ಟಬಹುದು.

ಪೂರ್ತಿ ಇಳುವರಿ ಬಂದರೂ ಸಿಗುವುದು 7 ಮಿಲಿಗ್ರಾಂ. ಎಕ್ಸ್‌ಆರ್‌ಡಿಗೆಂದು (ಸ್ಫಟಿಕ ರಚನೆ ತೋರಿಸುವ ಎಕ್ಸ್-ಕಿರಣ ಪರೀಕ್ಷೆ) ಮೈಸೂರಿಗೆ ಒಯ್ಯುವ ಮೊದಲು ಹಲವು ಬ್ಯಾಚ್ ಕೂಡಿಸಿಟ್ಟುಕೊಳ್ಳಿ. ತಾಮ್ರದ ಎಕ್ಸ್-ಕಿರಣಕ್ಕೆ 31.8, 34.4, 36.3 ಡಿಗ್ರಿ ಕೋನಗಳಲ್ಲಿ (2θ) ಶಿಖರ ಕಾಣಬೇಕು. ಶಿಖರದ ಅಗಲದಿಂದ ಲೆಕ್ಕ ಹಾಕುವ ಷೆರರ್ ಸೂತ್ರ ಕೊಡುವುದು ಸ್ಫಟಿಕದ ಗಾತ್ರ, ಕಣದ ಗಾತ್ರವಲ್ಲ. ಕಣದ ಗಾತ್ರಕ್ಕೆ ಟಿಇಎಂ ಎಂಬ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು.