ಸುಂಟಿಕೊಪ್ಪದ ತಂಗಿಗೆ, ಹಿಮ ಬೀಳುವ ಊರಿನ ಅಂಗಳದ ಬಗ್ಗೆ

ಅಕ್ಕಾ ಅಂತ ಕರೆದು ಕೇಳಿದ್ದೀಯ, ಅದಕ್ಕೆ ನಾನೂ ನೀನು ಅಂತಲೇ ಬರೆಯುತ್ತೇನೆ. ಕೊಡಗಿನ ಸುಂಟಿಕೊಪ್ಪ ಬಿಟ್ಟು ಅಮೆರಿಕದ ಮಿನ್ನೆಸೋಟಾ ರಾಜ್ಯದ ಸೇಂಟ್ ಪಾಲ್‌ಗೆ ಹೋಗಿ ನಿಮಗೆ ನಾಲ್ಕು ತಿಂಗಳಾಯಿತು. ಮನೆ ತಗೊಂಡಿದ್ದೀರಿ, ಹಿಂದೆ ಮುಂದೆ ಹುಲ್ಲಿನ ಅಂಗಳ ಇದೆ. ವರ್ಷಕ್ಕೆ ಐದು ಸಲ ಬಂದು ಗೊಬ್ಬರ, ಕಳೆನಾಶಕ ಹೊಡೆಯುತ್ತೇವೆ ಅಂತ ಒಂದು ಕಂಪನಿಯವರು ಬಾಗಿಲು ತಟ್ಟಿದ್ದಾರೆ. ಒಪ್ಪಲಾ ಬೇಡವಾ, ಚಳಿಗಾಲದಲ್ಲಿ ಗಿಡಗಳೆಲ್ಲ ಏನಾಗುತ್ತವೆ ಅಂತ ಕೇಳಿದ್ದೀಯ.

ನಾನು ಅಲ್ಲಿಗೆ ಹೋಗಿ ಹದಿನೆಂಟು ವರ್ಷ ಆಯಿತು. ಈಗ ರಜೆಗೆ ಬಂದು ಸೋಮವಾರಪೇಟೆ ಹತ್ತಿರದ ತವರುಮನೆ ಜಗಲಿಯಲ್ಲಿ ಕೂತಿದ್ದೇನೆ. ಕಕ್ಕಡ ತಿಂಗಳ ಮಳೆ ಹಿಡಿದುಕೊಂಡಿದೆ. ನಿನ್ನೆ ಮದ್ದುಸೊಪ್ಪಿನ ಪಾಯಸ ಆಯಿತು. ಎದುರಿಗೆ ಕಾಫಿ ಗಿಡಗಳ ಬುಡದಲ್ಲಿ ತರಗೆಲೆ ನೆನೆದು ಕೊಳೆಯುತ್ತಿದೆ. ನಿನಗೆ ಹೇಳಬೇಕಾದ್ದು ಮುಕ್ಕಾಲು ಪಾಲು ಅಲ್ಲೇ ಇದೆ.

ಕಂಪನಿಗೆ ಬೇಡ ಅನ್ನು. ಮೊದಲು ಮಣ್ಣು ಪರೀಕ್ಷೆ ಮಾಡಿಸು. ನಮ್ಮವರು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಕೇಂದ್ರಕ್ಕೆ ಮಣ್ಣು ಕೊಟ್ಟು ಬರುತ್ತಾರಲ್ಲ, ಹಾಗೆ ಅಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದ ಲ್ಯಾಬ್ ಇದೆ. ಅಂಚೆಯಲ್ಲೇ ಕಳಿಸಬಹುದು. ಹೊಸದಾಗಿ ಹುಲ್ಲು ಬೆಳೆಸುತ್ತಿದ್ದರೆ ಅಥವಾ ಪರೀಕ್ಷೆಯಲ್ಲಿ ರಂಜಕ (ಫಾಸ್ಫರಸ್) ಕಮ್ಮಿ ಅಂತ ಬಂದರೆ ಮಾತ್ರ ಅಂಗಳಕ್ಕೆ ರಂಜಕದ ಗೊಬ್ಬರ ಹಾಕಬಹುದು. 2005ರಿಂದ ಇಡೀ ರಾಜ್ಯಕ್ಕೆ ಈ ಕಾನೂನು ಇದೆ. ಮಳೆಗೆ ಕೊಚ್ಚಿಹೋದ ರಂಜಕ ಕೆರೆ ಸೇರಿ ಪಾಚಿ ಬೆಳೆಸುತ್ತದೆ. ಆ ರಾಜ್ಯದ ತುಂಬ ಕೆರೆಗಳೇ ಅಲ್ವಾ.

ಅಲ್ಲಿನ ಹುಲ್ಲು ತಂಪಿನ ಹುಲ್ಲು. ಜುಲೈ ಬಿಸಿಲಿಗೆ ಕಂದಿದರೆ ಸತ್ತಿಲ್ಲ, ಮಲಗಿದೆ ಅಷ್ಟೆ. ಮೂರು ಇಂಚಿಗಿಂತ ಕೆಳಗೆ ಕತ್ತರಿಸಬೇಡ. ಕತ್ತರಿಸಿದ್ದನ್ನು ಅಲ್ಲೇ ಬಿಡು, ಅದೇ ಗೊಬ್ಬರ. ಬೋಳಾದ ಕಡೆ ಬೀಜ ಹಾಕಲು ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಒಳ್ಳೆ ಸಮಯ. ಫೈನ್ ಫೆಸ್ಕ್ಯೂ ಅಂತ ಕೇಳಿ ತಗೋ. ನೀರು, ಗೊಬ್ಬರ ಎರಡೂ ಕಮ್ಮಿ ಸಾಕು.

ಅಕ್ಟೋಬರ್‌ನಲ್ಲಿ ಬೀದಿಗೆ ಬೀದಿಯೇ ಎಲೆ ಗುಡಿಸಿ ದೊಡ್ಡ ಕಾಗದದ ಚೀಲಕ್ಕೆ ತುಂಬುತ್ತದೆ. ನನಗೆ ಅದನ್ನು ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ತೋಟದ ತರಗೆಲೆ ಗುಡಿಸಿ ಹೊರಗೆ ಎಸೆದರೆ ನಿಮ್ಮ ಮನೆಯಲ್ಲಿ ಸುಮ್ನೆ ಬಿಡುತ್ತಿದ್ದರಾ? ಆದರೆ ಹುಲ್ಲಿನ ಮೇಲೆ ದಪ್ಪಗೆ ಬಿಟ್ಟರೆ ಹಿಮದಡಿ ಹುಲ್ಲು ಕೊಳೆಯುತ್ತದೆ. ಅಲ್ಲಿ ಹುಲ್ಲಿನ ಯಂತ್ರವನ್ನೇ ಎಲೆ ಮೇಲೆ ಓಡಿಸಿ ಪುಡಿ ಮಾಡು. ಉಳಿದಿದ್ದನ್ನು ಮರದ ಬುಡಕ್ಕೆ, ಹೂವಿನ ಪಾತಿಗೆ ಹರಡು. ಕಾಂಡಕ್ಕೆ ತಾಗಿಸಿ ಮಾತ್ರ ಗುಡ್ಡೆ ಹಾಕಬೇಡ, ಇಲಿಗಳು ಒಳಗೆ ಸೇರಿ ತೊಗಟೆ ತಿನ್ನುತ್ತವೆ. ಎಳೆ ಮರಕ್ಕೆ ತಂತಿ ಬಲೆ ಸುತ್ತು, ಮೊಲವೂ ಬರುತ್ತದೆ.

ಆ ಎಲೆಯಡಿ, ಮಣ್ಣಿನೊಳಗೆ ಬಂಬಲ್ ಬೀ ಅನ್ನುವ ದಪ್ಪ ಜೇನ್ನೊಣದ ರಾಣಿಗಳು ಚಳಿ ಕಳೆಯುತ್ತವೆ. ಬೆನ್ನ ಮೇಲೆ ತುಕ್ಕಿನ ಬಣ್ಣದ ಮಚ್ಚೆ ಇರುವ ಒಂದು ಜಾತಿ ಇದೆ. 2017ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. 2019ರಲ್ಲಿ ಮಿನ್ನೆಸೋಟಾ ಅದನ್ನು ತನ್ನ ರಾಜ್ಯದ ಜೇನ್ನೊಣ ಅಂತ ಘೋಷಿಸಿತು. ಸೇಂಟ್ ಪಾಲ್‌ನ ಅಂಗಳಗಳಲ್ಲಿ ಇನ್ನೂ ಕಾಣಸಿಗುತ್ತದೆ. ಒಣಗಿದ ಹೂವಿನ ಕಡ್ಡಿಗಳನ್ನೂ ಕತ್ತರಿಸಬೇಡ. ಸಣ್ಣ ಜೇನ್ನೊಣಗಳು ಕಡ್ಡಿಯೊಳಗೆ ಇರುತ್ತವೆ. ವಸಂತದಲ್ಲಿ ಒಂದಡಿ ಬಿಟ್ಟು ಕತ್ತರಿಸಿದರೆ ಸಾಕು.

ಹಿಮ ಬಿದ್ದರೆ ಗಿಡ ಸಾಯುತ್ತದೆ ಅಂತ ಹೆದರಬೇಡ. ಹಿಮ ಕಂಬಳಿ ಇದ್ದ ಹಾಗೆ. ಹಿಮ ಇಲ್ಲದ ಒಣ ಚಳಿಯೇ ಬೇರು ಸುಡುವುದು. ಅಲ್ಲಿ ಮೈನಸ್ 26ರಿಂದ 29 ಡಿಗ್ರಿಗೂ ಇಳಿಯುತ್ತದೆ. ಗಿಡ ಕೊಳ್ಳುವಾಗ ಚೀಟಿಯಲ್ಲಿ ವಲಯ 4 (ಗಿಡ ಎಷ್ಟು ಚಳಿ ತಡೆಯುತ್ತದೆ ಅನ್ನುವ ಗುರುತು) ಅಂತ ಇದ್ದರೆ ಧೈರ್ಯವಾಗಿ ತಗೋ. ಆ ನೆಲದ ಸ್ವಂತ ಗಿಡಗಳನ್ನೇ ಹಾಕಿದರೆ ಇನ್ನೂ ಒಳ್ಳೆಯದು. ಬ್ಲೇಜಿಂಗ್ ಸ್ಟಾರ್, ವೈಲ್ಡ್ ಬರ್ಗಮಾಟ್, ಮಿಲ್ಕ್‌ವೀಡ್. ಇವುಗಳ ಬೀಜ ನವೆಂಬರ್‌ನಲ್ಲಿ, ನೆಲ ಗಟ್ಟಿಯಾಗುವ ಮುಂಚೆ ಚೆಲ್ಲು. ಒದ್ದೆ ಚಳಿ ತಿನ್ನದೆ ಬ್ಲೇಜಿಂಗ್ ಸ್ಟಾರ್, ಮಿಲ್ಕ್‌ವೀಡ್ ಸರಿಯಾಗಿ ಮೊಳೆಯುವುದಿಲ್ಲ. ನಮ್ಮ ಕಾಫಿ ಮೊಗ್ಗು ಬಿಸಿಲಲ್ಲಿ ಒಣಗಿ, ಆಮೇಲೆ ಹೂಮಳೆ ಬಿದ್ದ ಮೇಲೆ ಅರಳುತ್ತದಲ್ಲ, ಅದೇ ಥರ. ಎತ್ತರ ಬೆಳೆದರೆ ನಗರಸಭೆ ದಂಡ ಹಾಕುತ್ತದೆ ಅಂತ ಅಕ್ಕಪಕ್ಕದವರು ಹೇಳಬಹುದು. ನೋಡಿಕೊಂಡು ಬೆಳೆಸಿದ ಸ್ಥಳೀಯ ಗಿಡಗಳ ಅಂಗಳಕ್ಕೆ 2023ರ ರಾಜ್ಯ ಕಾನೂನಿನ ರಕ್ಷಣೆ ಇದೆ.

ಹಿಮ ಕರಗಲಿ ಅಂತ ದಾರಿಗೆ ಹಾಕುವ ಉಪ್ಪಿನ ವಿಷಯದಲ್ಲಿ ನಾನು ಮಾಡಿದ ತಪ್ಪು ನೀನು ಮಾಡಬೇಡ. ಮೊದಲ ಚಳಿಗಾಲ ಜಾರಿ ಬೀಳುವ ಭಯಕ್ಕೆ ಚೀಲಗಟ್ಟಲೆ ಸುರಿದೆ. ವಸಂತಕ್ಕೆ ದಾರಿ ಪಕ್ಕದ ಹುಲ್ಲು, ಎರಡು ಪೊದೆ ಸುಟ್ಟುಹೋಗಿದ್ದವು. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್ ನೀರು ಕೆಡಿಸುತ್ತದೆ. ಕೆರೆ ಸೇರಿದ ಮೇಲೆ ಅದನ್ನು ತೆಗೆಯಲು ದಾರಿಯೇ ಇಲ್ಲ. ಮೊದಲು ಸಲಿಕೆ ಹಿಡಿ. ಹೇಗೂ ಹಿಮ ನಿಂತ 24 ಗಂಟೆಯೊಳಗೆ ಮನೆ ಮುಂದಿನ ಕಾಲುದಾರಿ ಸ್ವಚ್ಛ ಮಾಡಲೇಬೇಕು. 20 ಅಡಿ ದಾರಿಗೆ ಒಂದು ಕಾಫಿ ಮಗ್ ಉಪ್ಪು ಸಾಕು. ನೆಲ ಮೈನಸ್ 9ಕ್ಕಿಂತ ತಣ್ಣಗಿದ್ದರೆ ಸಾಧಾರಣ ಉಪ್ಪು ಕೆಲಸವೇ ಮಾಡುವುದಿಲ್ಲ, ಮರಳು ಚೆಲ್ಲು.

ಮಳೆನೀರು ಇಂಗಲಿ ಅಂತ ಕಾಫಿ ತೋಟದಲ್ಲಿ ತೋಡುವ ತೊಟ್ಟಿಲು ಗುಂಡಿ ನೆನಪಿದೆಯಲ್ಲ? ಮಾಡಿನ ನೀರಿಗೆ ಅಂಥದ್ದನ್ನೇ ಮಾಡಿ ಅಲ್ಲಿ ರೇನ್ ಗಾರ್ಡನ್ ಅಂತಾರೆ. ಮನೆಯಿಂದ ಹತ್ತು ಅಡಿ ದೂರ, ಆಳ ಇಲ್ಲದ ಗುಂಡಿ, ಒಳಗೆ ಗಿಡ. ವರ್ಷಕ್ಕೆ ಬೀಳುವುದು ಸುಮಾರು 30 ಇಂಚು ಮಾತ್ರ, ನಮ್ಮಲ್ಲಿ ಒಂದೇ ತಿಂಗಳಲ್ಲಿ ಸುರಿಯುವಷ್ಟು. ಅಗೆಯುವ ಮುಂಚೆ 811ಕ್ಕೆ ಫೋನ್ ಮಾಡು. ನೆಲದಡಿ ಗ್ಯಾಸ್, ಕರೆಂಟಿನ ಲೈನ್ ಎಲ್ಲಿದೆ ಅಂತ ಗುರುತು ಹಾಕಿಸಿ ಕೊಡುತ್ತಾರೆ, ದುಡ್ಡಿಲ್ಲ.

ಸೆಪ್ಟೆಂಬರ್ ಮೊದಲ ವಾರ ನಾನು ವಾಪಸ್. ಬಾ, ನನ್ನ ಅಂಗಳದ ಬೀಜ ಕೊಡುತ್ತೇನೆ. ಕರಿಬೇವಿನ ಕುಂಡ ಹೊರಗಿಟ್ಟಿದ್ದೀಯ ಅಂತ ಬರೆದಿದ್ದೀಯ. ರಾತ್ರಿ 10 ಡಿಗ್ರಿಗೆ ಇಳಿಯುವ ಮುಂಚೆ ಅದನ್ನು ಒಳಗೆ, ತೆಂಕು ಕಡೆಯ ಕಿಟಕಿಗೆ ತಂದಿಡು.