ದತ್ತು ಒಂದೇ ಸಾಲದು

ಪ್ರಶ್ನೆ: ಅಮೆರಿಕದ ಶೆಲ್ಟರ್‌ಗಳಲ್ಲಿ (ದಿಕ್ಕಿಲ್ಲದ ಪ್ರಾಣಿಗಳನ್ನು ಇಟ್ಟುಕೊಳ್ಳುವ ಕೇಂದ್ರಗಳಲ್ಲಿ) ಆರೋಗ್ಯವಾಗಿರುವ ನಾಯಿ, ಬೆಕ್ಕುಗಳನ್ನೂ ಇಂಜೆಕ್ಷನ್ ಕೊಟ್ಟು ಸಾಯಿಸುತ್ತಾರಂತೆ. ಓದಿ ತುಂಬಾ ಸಂಕಟವಾಯಿತು. ದತ್ತು ತೆಗೆದುಕೊಳ್ಳುವವರು ಜಾಸ್ತಿಯಾದರೆ ಇದು ನಿಲ್ಲುತ್ತದಲ್ವಾ?

ಉತ್ತರ: ಅದೊಂದರಿಂದಲೇ ನಿಲ್ಲುವುದಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಶೆಲ್ಟರ್‌ನಲ್ಲಿ 100 ಗೂಡುಗಳಿವೆ, ದಿನಕ್ಕೆ 10 ಪ್ರಾಣಿ ಬರುತ್ತವೆ ಅಂದುಕೊಳ್ಳಿ. ಒಂದೊಂದೂ 10 ದಿನ ಉಳಿದರೆ ಎಲ್ಲ ಗೂಡೂ ಭರ್ತಿ. 12 ದಿನ ಉಳಿದರೆ 20 ಪ್ರಾಣಿಗಳಿಗೆ ಜಾಗವೇ ಇಲ್ಲ. ಸಿರಿಂಜ್ ಹೊರಗೆ ಬರುವುದು ಇಲ್ಲೇ. ಅದಕ್ಕೆ 'ದಯಾಮರಣ' ಅಂತ ಹೆಸರು ಬೇರೆ! ನೋವಿನಲ್ಲಿ ನರಳುವ, ಗುಣವಾಗದ ಪ್ರಾಣಿಗಾದರೆ ಆ ಮಾತು ಸರಿ. ಜಾಗ ಇಲ್ಲ ಅಂತ ಸಾಯುವ ಎರಡು ವರ್ಷದ ಗಟ್ಟಿಮುಟ್ಟು ನಾಯಿಗೆ ಎಂಥ ದಯೆ?

ಅದೇ 7 ದಿನಕ್ಕೆ ಇಳಿಸಿದರೆ 30 ಗೂಡು ಖಾಲಿ ಇರುತ್ತವೆ. ಇಳಿಸುವುದು ಹೇಗೆ ಅಂದರೆ, ಬಂದ ಗಳಿಗೆಯಲ್ಲೇ ಲಸಿಕೆ ಹಾಕಬೇಕು, ಇಲ್ಲದಿದ್ದರೆ ಪಾರ್ವೋ ಥರದ ರೋಗ ಹರಡಿ ಎಲ್ಲವೂ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಚರ್ಮದಡಿ ಮೈಕ್ರೋಚಿಪ್ (ಮಾಲೀಕರನ್ನು ಪತ್ತೆ ಮಾಡುವ ಗುರುತು) ಇದೆಯಾ ಅಂತ ನೋಡಿದರೆ ಕಳೆದುಹೋದದ್ದು ಮನೆ ಸೇರುತ್ತದೆ. ಜನ ಕೆಲಸ ಮುಗಿಸಿ ಬರುವ ಸಂಜೆ ಹೊತ್ತಿಗೆ ಬಾಗಿಲು ತೆರೆದಿರಬೇಕು (ಇದನ್ನೂ ಹೇಳಬೇಕಾ ಅನ್ನಬೇಡಿ, ಹೇಳಬೇಕಾಗುತ್ತದೆ). ಇನ್ನು ಕಣ್ಣು ಬಿಡದ ಬೆಕ್ಕಿನ ಮರಿಗಳು. ಎರಡು ಮೂರು ಗಂಟೆಗೊಮ್ಮೆ ಹಾಲು ಕುಡಿಸಬೇಕು, ರಾತ್ರಿಯೂ. ಶೆಲ್ಟರ್ ಸಿಬ್ಬಂದಿಗೆ ಅದು ಆಗದ ಮಾತು. ಕೆಲವು ವಾರ ಮನೆಯಲ್ಲಿಟ್ಟು ಸಾಕಿಕೊಡುವವರು ಸಿಕ್ಕರೆ ಬದುಕುತ್ತವೆ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ವಿಷಯ, ಪ್ರಾಣಿ ಒಳಗೆ ಬರದಂತೆ ನೋಡಿಕೊಳ್ಳುವುದು. ಎಷ್ಟೋ ಜನ ಬೇಡವಾಗಿ ತಂದು ಬಿಡುವುದಿಲ್ಲ. ಬಾಡಿಗೆ ಮನೆಯ ಮಾಲೀಕರು ಒಪ್ಪುವುದಿಲ್ಲ, ಚಿಕಿತ್ಸೆಗೆ ದುಡ್ಡಿಲ್ಲ, ಅಳುತ್ತಲೇ ತರುತ್ತಾರೆ. ಅವರಿಗೆ ಅಗ್ಗದ ಚಿಕಿತ್ಸೆಯೋ ಒಂದು ಚೀಲ ಆಹಾರವೋ ಕೊಟ್ಟರೆ ನಾಯಿ ಮನೆಯಲ್ಲೇ ಇರುತ್ತದೆ, ಗೂಡೂ ಉಳಿಯುತ್ತದೆ. ಬೀದಿ ಬೆಕ್ಕುಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಇದ್ದಲ್ಲೇ ವಾಪಸ್ ಬಿಡುವುದೂ ಹೀಗೇ ಕೆಲಸ ಮಾಡುತ್ತದೆ.

ಇದು ಸುಮ್ನೆ ಕನಸಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1994ರಲ್ಲೇ, ದತ್ತು ಕೊಡಬಹುದಾದ ಆರೋಗ್ಯವಂತ ಪ್ರಾಣಿಯನ್ನು ಕೊಲ್ಲಬಾರದು ಎಂಬ ಒಪ್ಪಂದವಾಯಿತು. ಆಸ್ಟಿನ್ ನಗರ 2011ರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಉಳಿಸಿಕೊಂಡಿತು. ಅಲ್ಲಿನ ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎ ಅಂದಾಜಿನ ಪ್ರಕಾರ ಅಮೆರಿಕದ ಶೆಲ್ಟರ್‌ಗಳಲ್ಲಿ 2011ರಲ್ಲಿ ಸುಮಾರು 26 ಲಕ್ಷ ಪ್ರಾಣಿಗಳು (ಗುಣವಾಗದ ಕಾಯಿಲೆಯವೂ ಸೇರಿ) ಇಂಜೆಕ್ಷನ್‌ನಿಂದ ಸತ್ತಿದ್ದವು, 2019ರಲ್ಲಿ ಸುಮಾರು 9.2 ಲಕ್ಷ. ಕಡಿಮೆಯಾಗಿದೆ. ಆದರೂ 9.2 ಲಕ್ಷ!

ಆ 90ರ ಅಂಕಿ ಕಂಡ ತಕ್ಷಣ ಚಪ್ಪಾಳೆ ಹೊಡೆಯಬೇಡಿ. ಮುದಿ ನಾಯಿ, ಕಾಯಿಲೆ ನಾಯಿ ಬೇಡ ಅಂತ ಬಾಗಿಲಲ್ಲೇ ತಿರುಗಿಸಿ ಕಳಿಸಿದರೂ ಅಂಕಿ ಚೆನ್ನಾಗಿ ಬರುತ್ತದೆ. ಎಷ್ಟನ್ನು ಒಳಗೆ ಬಿಟ್ಟುಕೊಂಡಿರಿ ಅಂತಲೂ ಕೇಳಬೇಕು.

ಪ್ರಶ್ನೆ: ಹೆಣ್ಣು ಬೆಕ್ಕು ಒಂದು ಸಲ ಮರಿ ಹಾಕಿದ ಮೇಲೆ ಆಪರೇಷನ್ ಮಾಡಿಸಿದರೆ ಒಳ್ಳೆಯದಂತೆ, ಹೌದಾ?

ಉತ್ತರ: ಅಲ್ಲ. ನಾಲ್ಕೈದು ತಿಂಗಳಿಗೇ ಬೆಕ್ಕು ಗಬ್ಬ ಆಗಬಹುದು, ಒಂಬತ್ತು ವಾರದಲ್ಲಿ ಮರಿ. ಐದು ತಿಂಗಳು ತುಂಬುವ ಮೊದಲೇ ಮಾಡಿಸಿ.