ಅತಿ ಅಚ್ಚುಕಟ್ಟಿನ ಸ್ವಭಾವವೇ ಬಲಿತು ಓಸಿಡಿ ಆಗುತ್ತದೆಯೇ?

ನಿಮ್ಮ ತಮ್ಮ ಚಿಕ್ಕಂದಿನಿಂದಲೂ ಬಲು ಅಚ್ಚುಕಟ್ಟು, ಈಗ ಮನೆ ಬಿಡುವ ಮುಂಚೆ ಗ್ಯಾಸ್ ಆಫ್ ಆಗಿದೆಯಾ ಅಂತ ಹತ್ತಾರು ಸಲ ನೋಡುತ್ತಾನೆ, ಇದು ಸ್ವಭಾವವೋ ಕಾಯಿಲೆಯೋ, ಇಂಜಿನಿಯರಿಂಗ್ ಓದಿದವನಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಡಾಕ್ಟರಲ್ಲ, ಓಸಿಡಿ ಜೊತೆ, ಅಂದರೆ ಬೇಡದ ಯೋಚನೆ ಪದೇ ಪದೇ ನುಗ್ಗಿ, ಅದನ್ನು ತಣಿಸಲು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಮಾನಸಿಕ ಕಾಯಿಲೆಯ ಜೊತೆ, ವರ್ಷಗಟ್ಟಲೆ ಹೆಣಗಿದವನು.

ತಿಳಿಯುತ್ತದೆ. ಕಷ್ಟ ಇರುವುದೇ ಅಲ್ಲಿ. ರೆಗ್ಯುಲೇಟರ್ ಆಫ್ ಕಡೆ ತಿರುಗಿರುವುದು ಕಣ್ಣಿಗೆ ಕಾಣುತ್ತಿರುತ್ತದೆ, ಬಾಯಲ್ಲಿ ‘ಆಫ್, ಆಫ್’ ಅಂತ ಹೇಳಿಕೊಂಡೂ ಆಗಿರುತ್ತದೆ. ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ‘ಕೈ ತೆಗೆಯುವಾಗ ತಾಗಿ ತಿರುಗಿಬಿಟ್ಟಿತೇನೋ?’ ವಾಪಸ್ ಅಡುಗೆಮನೆಗೆ. ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ‘ಫೋಟೋ ತೆಗೆದ ಮೇಲೆ ಮತ್ತೆ ಮುಟ್ಟಿದೆನಾ?’ ಈ ಅನುಮಾನಕ್ಕೆ ಪುರಾವೆ ಸಾಲುವುದೇ ಇಲ್ಲ. 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ವ್ಯಾನ್ ಡೆನ್ ಹೌಟ್ ಮತ್ತು ಕಿಂಟ್ ಎಂಬ ಸಂಶೋಧಕರು ಕಾಯಿಲೆ ಇಲ್ಲದ ವಿದ್ಯಾರ್ಥಿಗಳಿಂದ ಕಂಪ್ಯೂಟರ್ ಪರದೆಯ ಮೇಲೊಂದು ಗ್ಯಾಸ್ ಒಲೆಯನ್ನು ಮತ್ತೆ ಮತ್ತೆ ಚೆಕ್ ಮಾಡಿಸಿದರು. ನೆನಪು ಸರಿಯಾಗಿಯೇ ಇತ್ತು, ಆದರೆ ಆ ನೆನಪಿನ ಮೇಲಿನ ನಂಬಿಕೆ ಕುಸಿದಿತ್ತು. ಅಂದರೆ ನೋಡಿದಷ್ಟೂ ಅನುಮಾನ ಹೆಚ್ಚುತ್ತದೆ.

ಇದರ ಹಿಂದೆ ಲೆಕ್ಕ ತಪ್ಪಿದ ಒಂದು ಜವಾಬ್ದಾರಿಯ ಭಾವನೆ ಇರುತ್ತದೆ. ‘ಗ್ಯಾಸ್ ಸೋರಿ ಕೆಳಗಿನ ಮನೆಯ ಮಗುವಿಗೆ ಏನಾದರೂ ಆದರೆ, ನಾನೇ ಕೊಂದ ಹಾಗೆ.’ ಸಾವಿರಕ್ಕೊಂದು ಸಾಧ್ಯತೆ ಇದ್ದರೂ ತಡೆಯದಿದ್ದವನೇ ಅಪರಾಧಿ! ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಸಾಲ್ಕೊವ್‌ಸ್ಕಿಸ್ 1985ರಲ್ಲೇ ಓಸಿಡಿಯ ನಡುವೆ ಈ ಭಾವನೆ ಇದೆ ಎಂದು ವಿವರಿಸಿದ್ದರು. ಇದರ ಜೊತೆಗೇ ಇನ್ನೊಂದು ಉಂಟು: ಯೋಚನೆ ಬಂದರೆ ಮಾಡಿದಷ್ಟೇ ಪಾಪ ಅನ್ನಿಸುವುದು. ದೇವರ ಮುಂದೆ ಕೈಮುಗಿದಾಗ ಅಸಹ್ಯವಾದ ಮಾತೊಂದು ತಲೆಗೆ ನುಗ್ಗಿ, ಅದನ್ನು ತೊಳೆಯಲು ಶ್ಲೋಕವನ್ನು ಮೊದಲಿಂದ ಹೇಳುತ್ತಾ ಕೂತವರು ನಮ್ಮಲ್ಲಿ ಬೇಕಾದಷ್ಟು ಜನ. ಹೊರಗಿನವರಿಗೆ ಭಕ್ತಿ ಕಾಣುತ್ತದೆ, ಒಳಗೆ ನರಕ. ಇಂಥ ಯೋಚನೆಗಳು ಕಾಯಿಲೆ ಇಲ್ಲದವರಿಗೂ ಬರುತ್ತವೆ ಎಂದು 1978ರಲ್ಲೇ ರಾಕ್‌ಮನ್ ಮತ್ತು ಡಿ ಸಿಲ್ವ ಎಂಬ ಸಂಶೋಧಕರು ತೋರಿಸಿದ್ದರು. ಉಳಿದವರು ‘ಥೂ’ ಅಂದು ಮುಂದೆ ಹೋಗುತ್ತಾರೆ, ನಾವು ಅಲ್ಲೇ ನಿಂತು ವಿಚಾರಣೆ ನಡೆಸುತ್ತೇವೆ.

ಇನ್ನು ಸ್ವಭಾವ. ಅಚ್ಚುಕಟ್ಟುತನಕ್ಕೂ ಓಸಿಡಿಗೂ ಜನ ಅಂದುಕೊಂಡಷ್ಟು ನಂಟಿಲ್ಲ. ನನ್ನ ಮೇಜು ನೋಡಿದರೆ ನನಗೆ ಈ ಕಾಯಿಲೆ ಅಂದರೆ ಯಾರೂ ನಂಬುವುದಿಲ್ಲ. ಎಲ್ಲವೂ ತನ್ನ ನಿಯಮದಂತೆಯೇ ನಡೆಯಬೇಕೆಂದು ಹಟ ಹಿಡಿಯುವ ವ್ಯಕ್ತಿತ್ವದ ತೊಂದರೆಗೆ ಓಸಿಪಿಡಿ ಎಂಬ ಬೇರೆಯೇ ಹೆಸರಿದೆ. ಅಂಥವರಿಗೆ ಸಾಮಾನ್ಯವಾಗಿ ತಾವು ಮಾಡುತ್ತಿರುವುದೇ ಸರಿ. ಒದ್ದಾಡುವವರು ಹೆಚ್ಚಾಗಿ ಮನೆಯವರು. ಓಸಿಡಿಯಲ್ಲಿ ಮೊದಲು ಒದ್ದಾಡುವವನು ಕಾಯಿಲೆ ಇರುವವನೇ, ‘ಇದು ಅತಿಯಾಯ್ತು’ ಅಂತ ಬಹುಪಾಲು ಅವನಿಗೇ ಗೊತ್ತಿರುತ್ತದೆ. ಎರಡೂ ಒಬ್ಬನಲ್ಲೇ ಇರಬಾರದೆಂದೇನಿಲ್ಲ, ಅದನ್ನು ಡಾಕ್ಟರೇ ಹೇಳಬೇಕು.

ನೀವು ಮಾಡಬಹುದಾದದ್ದು: ‘ಅಕ್ಕಾ, ಆಫ್ ಆಗಿದೆ ಅಲ್ವಾ?’ ಅಂತ ಅವನು ಕೇಳಿದಾಗಲೆಲ್ಲ ‘ಹೂಂ ಕಣೋ, ನೋಡಿದೀನಿ’ ಅನ್ನುತ್ತೀರಲ್ಲ, ಅದೂ ಒಂದು ಚೆಕಿಂಗೇ. ಒಮ್ಮೆಲೇ ನಿಲ್ಲಿಸಿ ಬೈಯಬೇಡಿ. ಅವನಿಗೇ ಹೇಳಿ, ಒಪ್ಪಿಸಿ, ಮೆಲ್ಲಗೆ ಕಡಿಮೆ ಮಾಡಿ. ಚಿಕಿತ್ಸೆಯಲ್ಲೂ ಮಾಡಿಸುವುದು ಇದನ್ನೇ: ಒಂದೇ ಸಲ ಆಫ್ ಮಾಡಿ ಹೊರಡುವುದು, ಎದೆ ಢವಢವ ಅಂದರೂ ವಾಪಸ್ ಹೋಗದಿರುವುದು. ಆತಂಕ ಏರುತ್ತದೆ, ಚೆಕ್ ಮಾಡದೆಯೂ ಇಳಿಯುತ್ತದೆ. ಅದನ್ನು ಮೈಯೇ ಕಲಿಯಬೇಕು. ಮಾತ್ರೆಗಳೂ ಇವೆ, ಆದರೆ ಕೆಲಸ ಮಾಡಲು ಎರಡು-ಮೂರು ತಿಂಗಳಾದರೂ ಬೇಕು. ಹದಿನೈದು ದಿನಕ್ಕೆ ‘ಏನೂ ಪ್ರಯೋಜನವಿಲ್ಲ’ ಅಂತ ಬಿಡುವವರೂ ಉಂಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೆಂದೇ ಕ್ಲಿನಿಕ್ ಇದೆ. ದೂರವಾದರೆ ಸದ್ಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.